ನಿಧಾನದ ಚೀಟಿ

ನಮ್ಮೂರಿನಲ್ಲಿ ನಾನು ನಿಧಾನಸ್ಥೆ ಎಂದು ಹೆಸರಾದವಳು. ಡಾಕ್ಟರ್ ವಿರೂಪಣ್ಣನವರ ದವಾಖಾನೆಯ ಹೊರಕೋಣೆಯಲ್ಲಿ ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಚೀಟಿ ಬರೆಯುತ್ತಿದ್ದೇನೆ. ತೂಕದ ಚೀಟಿಗೆ ಹೆಸರು, ವಯಸ್ಸು, ಕಿಲೋ, ತಾರೀಖು ಇಷ್ಟು ಸಾಕು. ಅರ್ಧ ನಿಮಿಷದ ಕೆಲಸ. ನನಗೆ ಏಳು ನಿಮಿಷ ಹಿಡಿಯುತ್ತದೆ. ಮೊದಲು ನಿಬ್ಬು ಒರೆಸುತ್ತೇನೆ. ಹೆಸರು ಕೇಳುತ್ತೇನೆ. ಇನ್ನೊಂದು ಸಲ ಹೇಳಿ ಎನ್ನುತ್ತೇನೆ. ಬರೆದದ್ದನ್ನು ಬೆಳಕಿಗೆ ಹಿಡಿದು ನೋಡಿ, ಶಾಯಿ ಆರಲಿ ಎಂದು ಪಕ್ಕಕ್ಕಿಡುತ್ತೇನೆ. "ಸಂಜೆ ಕಾಲೇಜಲ್ಲಿ ಓದಿದೋರಿಗೆ ಹಗಲು ಹೊತ್ತು ಕಣ್ಣು ಕಾಣಲ್ವೇನೋ" ಎಂದು ಟೈಲರ್ ಶಶಿರೇಖ ಒಮ್ಮೆ ನನ್ನೆದುರಿಗೇ ಅಂದಳು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದಳು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರು, ಅವಳ ಅವಸರ ಅವಳಿಗೆ. ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡಬಾರದು ಎಂದು ಡಾಕ್ಟರು ಹೇಳಿದ್ದರು.

ಏಕೆಂದರೆ ಅದು ಡಾಕ್ಟರ ಪದ್ಧತಿ. ಹನ್ನೆರಡು ದಾಟಿದ ಹುಡುಗನೋ ಹುಡುಗಿಯೋ ಅಮ್ಮನ ಜೊತೆ ಬಂದರೆ, ನಾಲಿಗೆ ನೋಡಿ, ಎದೆ ಕೇಳಿ, ಆಮೇಲೆ "ಅಮ್ಮಾ, ಹೊರಗೆ ಒಂದು ತೂಕದ ಚೀಟಿ ಮಾಡಿಸ್ಕೊಂಡು ಬನ್ನಿ" ಅನ್ನುತ್ತಿದ್ದರು. ಅಮ್ಮ ಹೊರಗೆ ಬಂದಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಾಗೆ ಮುಚ್ಚಿಕೊಳ್ಳುವಂತೆ ಅದಕ್ಕೆ ಸ್ಪ್ರಿಂಗ್ ಹಾಕಿಸಿದ್ದರು. ಆ ಏಳು ನಿಮಿಷ ಒಳಗೆ ಮಗು ಮತ್ತು ಡಾಕ್ಟರು ಇಬ್ಬರೇ. ಅಲ್ಲಿ ಏನು ಮಾತಾಗುತ್ತಿತ್ತೋ ನನಗೆ ತಿಳಿಯದು. ಕೆಲವರು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದರು, ಕೆಲವರು ಬಂದವರೇ ನನ್ನ ಮೇಜಿನ ಮೇಲಿನ ಗ್ಲೂಕೋಸ್ ಡಬ್ಬಿಗೆ ಚಮಚ ಹಾಕುತ್ತಿದ್ದರು. ಶಶಿರೇಖಳ ಮಗಳು ಸಿಂಚನಾ ಎರಡನೆಯ ಜಾತಿ. ಒಂದು ಚಮಚ ಕೇಳಿ ಮೂರು ಚಮಚ ತಿನ್ನುವಳು. "ಅಕ್ಕ, ನಿಮ್ಮ ಅಕ್ಷರ ಎಷ್ಟು ಚೆನ್ನಾಗಿದೆ, ಅದಕ್ಕೇ ಲೇಟು" ಎಂದು ಒಮ್ಮೆ ಹೇಳಿದ್ದಳು. ಮೆಚ್ಚಿದಳೋ ಅಣಕಿಸಿದಳೋ ಎಂದು ನಾನು ಎರಡು ದಿನ ಯೋಚಿಸಿದ್ದೆ.

ಜ್ವರದ ವರ್ಷ ಇದೆಲ್ಲ ನಿಂತುಹೋಯಿತು. ಹದಿನೆಂಟರೊಳಗಿನವರು ಯಾರೂ ಹೊಸ್ತಿಲು ದಾಟಕೂಡದು ಎಂದು ಪುರಸಭೆಯವರು ಡಂಗುರ ಸಾರಿಸಿ, ಎಲ್ಲ ಮನೆಗಳ ಹೊಸ್ತಿಲಿಗೂ ಕೆಂಪು ಬಣ್ಣ ಬಳಿಸಿದರು. ಡಾಕ್ಟರು ಮನೆಮನೆಗೆ ಹೋಗುವುದಕ್ಕೂ ಬಿಡಲಿಲ್ಲ. ಊರಿಗಿರುವವರು ಒಬ್ಬರೇ, ಅವರೇ ಮಲಗಿಬಿಟ್ಟರೆ ಗತಿಯೇನು ಎಂದರು. ಮೂಳೆ ಮುರಿದುಕೊಂಡವರಿಗೆ, ಪ್ರಾಣಕ್ಕೆ ಬಂದವರಿಗೆ ಮಾತ್ರ ಡಾಕ್ಟರು ಹೊಸ್ತಿಲ ಚೀಟಿ ಕೊಡಬಹುದು, ಅದನ್ನು ತೋರಿಸಿದರೆ ಮಗು ಹೊರಗೆ ಬರಬಹುದು. ಉಳಿದ ಮಕ್ಕಳು ಡಬ್ಬಿ ಕಳಿಸಬೇಕು.

ಸದ್ದನ್ನು ಡಬ್ಬಿಯಲ್ಲಿ ಹಾಕಿಡುವುದು ನಮ್ಮೂರಿನಲ್ಲಿ ಮೊದಲಿನಿಂದ ಇರುವ ರೂಢಿ. ಮುಚ್ಚಳ ಬಿಗಿಯಾಗಿರಬೇಕು, ಒಳಗೆ ಒದ್ದೆ ಇರಬಾರದು, ಅಷ್ಟೆ. ಒಮ್ಮೆ ತೆರೆದರೆ ಒಮ್ಮೆ ಕೇಳಿಸಿ ಹೋಗಿಬಿಡುತ್ತದೆ. ಮಗುವಿನ ಮೊದಲ ಅಳುವನ್ನು ಹಿತ್ತಾಳೆ ಡಬ್ಬಿಯಲ್ಲಿ ಹಿಡಿದು ಮದುವೆಯ ದಿನ ತೆರೆಯುವವರಿದ್ದಾರೆ. ಬೈಗುಳವನ್ನು ಟಿಫಿನ್ ಕ್ಯಾರಿಯರಿನಲ್ಲಿ ತುಂಬಿ ಪಕ್ಕದ ಬೀದಿಯ ಓರಗಿತ್ತಿಗೆ ಕಳಿಸುವವರೂ ಇದ್ದಾರೆ. ಹಾಗಾಗಿ ಕೆಮ್ಮು ಕಳಿಸಿ ಎಂದಾಗ ಯಾರಿಗೂ ಕಷ್ಟವೆನಿಸಲಿಲ್ಲ. ಆಟೋ ಖಾದರ್ ಬೆಳಿಗ್ಗೆ ಮನೆಗಳಿಂದ ಡಬ್ಬಿಗಳನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಜೋಡಿಸುತ್ತಿದ್ದ. "ತಗೊಳ್ಳಿ ಮೇಡಮ್ಮ, ನಲವತ್ತು ಕೆಮ್ಮು, ಹನ್ನೊಂದು ಅಳು, ಎರಡು ಬಿಕ್ಕಳಿಕೆ. ಒಂದು ಡಬ್ಬಿ ದಾರಿ ಉದ್ದಕ್ಕೂ ಅಲುಗಾಡ್ತಾ ಇತ್ತು, ಅದು ನಾಯಿಕೆಮ್ಮೇ ಇರ್ಬೇಕು" ಅನ್ನುತ್ತಿದ್ದ. ನಾನು ಪ್ರತಿ ಡಬ್ಬಿಗೂ ನಂಬರು ಅಂಟಿಸಿ ಒಳಗಿಡುತ್ತಿದ್ದೆ. ಡಾಕ್ಟರು ಬಾಗಿಲು ತೆರೆದಿಟ್ಟುಕೊಂಡೇ ಒಂದೊಂದು ಮುಚ್ಚಳ ತೆಗೆದು ಎಡಗಿವಿಗೆ ಹಿಡಿದು, ಔಷಧಿ ಹೆಸರು ಕೂಗುತ್ತಿದ್ದರು. ನಾನು ಬರೆದುಕೊಂಡು ಮಾತ್ರೆಗಳನ್ನು ಅದೇ ಡಬ್ಬಿಗೆ ಹಾಕಿ ವಾಪಸು ಕಳಿಸುತ್ತಿದ್ದೆ.

ತೊಡಕುಗಳು ಇರಲಿಲ್ಲವೆಂದಲ್ಲ. ಗುಳ್ಳೆಗೆ ಸದ್ದಿಲ್ಲ. ಡಬ್ಬಿಯ ಹತ್ತಿರ ಕೆರೆದು ಕಳಿಸಿ ಎಂದು ಡಾಕ್ಟರು ಹೇಳಿಕಳಿಸಿದರು. ಬಂದ ಕೆರೆತಗಳೆಲ್ಲ ಒಂದೇ ತರ ಇದ್ದವು. ಕೂಸುಗಳ ತೂಕ ನೋಡುವ ತಕ್ಕಡಿಯ ಮೇಲೆ ಧೂಳು ಕೂತಿತು. ದಡಾರದ ಚುಚ್ಚುಮದ್ದು ಫ್ರಿಜ್ಜಿನಲ್ಲಿ ಹಾಗೇ ಇತ್ತು. ಅದನ್ನು ಡಬ್ಬಿಯಲ್ಲಿ ಹಾಕಿ ಕಳಿಸಬಹುದಲ್ಲ ಎಂದು ನಾಲ್ಕು ಜನ ತಾಯಂದಿರು ಕೇಳಿಕಳಿಸಿದರು. ಆಗದು ಎಂದು ನಾಲ್ಕು ಚೀಟಿ ಬರೆದೆ. ಬರೆದ ಮೇಲೆ, ಸ್ವಲ್ಪ ಮೃದುವಾಗಿ ಬರೆಯಬಹುದಿತ್ತು ಅನ್ನಿಸಿತು.

ಇನ್ನು ಕೆಲವು ಡಬ್ಬಿಗಳು ಖಾಲಿ ಬರುತ್ತಿದ್ದವು. ಮುಚ್ಚಳ ತೆಗೆದರೆ ಏನೂ ಇಲ್ಲ, ಎಲ್ಲೋ ದೂರದಲ್ಲಿ ಫ್ಯಾನು ತಿರುಗಿದಂತೆ ಕೇಳಿದರೆ ಕೇಳಿತು. "ಖಾಲಿ ಅಂದ್ರೆ ಆರೋಗ್ಯ, ಬರ್ಕೊಳ್ಳಿ" ಎನ್ನುತ್ತಿದ್ದರು ಡಾಕ್ಟರು. ರಿಜಿಸ್ಟರಿನಲ್ಲಿ ಖಾಲಿ ಎಂದು ಬರೆಯುತ್ತಿದ್ದೆ. ಆದರೆ ಮನೆಗೆ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದಲ್ಲ. ಮಾತ್ರೆ ಇಲ್ಲದ ಡಬ್ಬಿಗೆ ನಾನು ಒಂದು ಚಮಚ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ನಮ್ಮಮ್ಮ ಹಾಗೆ ಮಾಡುತ್ತಿದ್ದಳು, ಡಾಕ್ಟರ ಅಮ್ಮನೂ ಹಾಗೇ ಮಾಡುತ್ತಿದ್ದಳಂತೆ, ಅವರು ಬೇಡ ಅನ್ನಲಿಲ್ಲ.

ನಾಲ್ಕನೆಯ ತಿಂಗಳು ಒಂದು ದಿನ ನಾನು ಖಾಲಿಗಳನ್ನೆಲ್ಲ ಎಣಿಸಿದೆ. ಮೊದಲ ವಾರ ಮೂರು ಇದ್ದದ್ದು ಈಗ ವಾರಕ್ಕೆ ಇಪ್ಪತ್ತಾರು ಆಗಿತ್ತು. ಎಲ್ಲವೂ ಹದಿಮೂರರಿಂದ ಹದಿನೇಳರೊಳಗಿನವರದು. ಸಂಜೆ ಕಾಲೇಜು ನಡೆಯುತ್ತಿದ್ದದ್ದು ಹಳೇ ಸಾಬೂನು ಗೋದಾಮಿನ ಮಹಡಿಯಲ್ಲಿ. ಅಲ್ಲಿ ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟರು ಸೀನುತ್ತಲೇ ಪಾಠ ಮಾಡುತ್ತಿದ್ದರು. ಸೊನ್ನೆ ಕಂಡರೆ ಎರಡು ಸಲ ನೋಡಿ, ಇಲ್ಲ ಅನ್ನುವ ಸೊನ್ನೆ ಬೇರೆ, ಯಾರೂ ನೋಡಿಲ್ಲ ಅನ್ನುವ ಸೊನ್ನೆ ಬೇರೆ ಎಂದು ಅವರು ಹೇಳಿದ್ದು ನೆನಪಾಯಿತು. ಆ ವಿಷಯದಲ್ಲಿ ನನಗೆ ಬಂದಿದ್ದು ಮೂವತ್ತೆಂಟು ಅಂಕ ಎನ್ನುವುದೂ ನೆನಪಾಯಿತು. ಆದರೂ ರಿಜಿಸ್ಟರು ಹಿಡಿದುಕೊಂಡು ಒಳಗೆ ಹೋದೆ.

"ಡಾಕ್ಟ್ರೇ, ದೊಡ್ಡ ಮಕ್ಕಳದು ಖಾಲಿ ಜಾಸ್ತಿ ಆಗ್ತಿದೆ."

"ಸಂತೋಷ ಪಡಿ. ಇವತ್ತು ಅರವತ್ತೆಂಟು ಕೆಮ್ಮು ಕೇಳಿದೀನಿ, ಊಟಕ್ಕೆ ಕೂತ್ರೆ ಸಾರೂ ಕೆಮ್ಮುತ್ತೆ" ಎಂದರು. ಎಡಗಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿಯೇ ಮಾತಾಡಿದರು.

ಕ್ಷಮಿಸಿ ಎಂದು ಹೇಳಿ ಹೊರಗೆ ಬಂದೆ. ಅವರು ಹೇಳಿದ್ದೇ ಸರಿಯಿರಬಹುದು. ಮೂವತ್ತು ವರ್ಷ ಕಿವಿಯಿಂದಲೇ ಬದುಕಿದವರಿಗೆ ನಾನು ಹೇಳುವುದೇನು.

ಮರುದಿನ ಬಂದ ಡಬ್ಬಿಗಳಲ್ಲಿ ಸಿಂಚನಾಳದ್ದಿತ್ತು. ಪಕ್ಕದಲ್ಲಿ ಒಂದು ತಗ್ಗು, ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ ಅವಳ ಹೆಸರು. ಮೂರು ವಾರದಿಂದ ಅದು ಖಾಲಿ ಬರುತ್ತಿತ್ತು, ಈ ಸಲವೂ ಖಾಲಿ. ಡಾಕ್ಟರು ಕೇಳಿ ಪಕ್ಕಕ್ಕಿಟ್ಟಿದ್ದನ್ನು ನಾನು ಸಕ್ಕರೆ ಹಾಕಲು ಎತ್ತಿಕೊಂಡೆ. ಒಳಗೆ ಸಕ್ಕರೆ ಇತ್ತು. ನಾನೇ ಹಾಕಿದ್ದು. ಒಂದರ ಮೇಲೊಂದು ಮೂರು ಚಮಚ, ತಳದ್ದು ಗಟ್ಟಿಯಾಗಿ ಹಳದಿ ತಿರುಗಿತ್ತು, ಅದರಲ್ಲೊಂದು ಇರುವೆ ಸತ್ತಿತ್ತು. ಪ್ರತಿ ಸಲವೂ ನೋಡದೆ ಸುರಿದಿದ್ದೆ. ರಾಶಿ ಡಬ್ಬಿ ಇದ್ದವು, ಮುಚ್ಚಳ ಅರ್ಧ ಸರಿಸಿ ಚಮಚ ಬಗ್ಗಿಸುತ್ತಿದ್ದೆ, ಇದು ನನ್ನ ತಪ್ಪೇ. ಒಂದು ಚಮಚ ಕೇಳಿ ಮೂರು ತಿನ್ನುತ್ತಿದ್ದ ಹುಡುಗಿಯ ಡಬ್ಬಿ ಅದು.

"ಖಾದರ್, ಶಶಿರೇಖನ ಮನೇಲಿ ಡಬ್ಬಿ ಯಾರು ತುಂಬ್ತಾರೆ?" ಎಂದು ಕೇಳಿದೆ.

"ಯಾರು ಅಂದ್ರೆ? ಅಮ್ಮನೇ ಹಿಡಿತಾರೆ. ಆ ಮನೆ ಅಂತಲ್ಲ, ಎಲ್ಲಾ ಮನೇಲೂ. ದೊಡ್ಡ ಮಕ್ಕಳಿಗೂ ಬಾಯಿ ಹತ್ರ ಹಿಡಿದು, 'ಹೇಳು, ಏನಾಗಿದೆ ಡಾಕ್ಟ್ರಿಗೆ ಹೇಳು, ಆಟೋ ಕಾಯ್ತಾ ಇದೆ' ಅಂತಾರೆ. ಅವು ತೊಲೆ ನೋಡ್ತವೆ. ಆಮೇಲೆ ಮುಚ್ಚಳ ಹಾಕಿ ನನ್ ಕೈಗೆ." ಅವನು ಬೀಡಿ ಹಚ್ಚಲು ಹೋಗಿ, ದವಾಖಾನೆ ಎಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ. "ನಮ್ಮವ್ವ ಬಾಯಿ ಹತ್ರ ಡಬ್ಬಿ ಹಿಡಿದಿದ್ರೆ ನಾನೂ ತೊಲೇನೇ ನೋಡ್ತಿದ್ದೆ ಮೇಡಮ್ಮ."

ಹತ್ತೊಂಬತ್ತು ವರ್ಷ ಅಮ್ಮಂದಿರನ್ನು ಹೊರಗೆ ಕೂರಿಸಿಕೊಂಡವಳು ನಾನು. ಇದು ನನಗೆ ನಾಲ್ಕು ತಿಂಗಳ ಮೊದಲೇ ಹೊಳೆಯಬೇಕಿತ್ತು.

ಮಧ್ಯಾಹ್ನ ನನ್ನ ಊಟದ ಡಬ್ಬಿ ಬಿಚ್ಚದೆ ಒಂದು ಅರ್ಜಿ ನಮೂನೆ ಬರೆದೆ. 'ಹನ್ನೆರಡು ದಾಟಿದ ಮಕ್ಕಳ ಡಬ್ಬಿಯ ಬಗ್ಗೆ' ಎಂದು ತಲೆಬರಹ. ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು, ಕೋಣೆಯ ಬಾಗಿಲು ಮುಚ್ಚಿ, ಪೋಷಕರು ಗೇಟಿನ ಹೊರಗೆ ಆಟೋದ ಹತ್ತಿರ ನಿಂತು ಈ ನಮೂನೆಯನ್ನು ಸ್ವಂತ ಕೈಯಿಂದ ತುಂಬತಕ್ಕದ್ದು. ಬೇರೆಯವರ ಉಸಿರು ಸೇರಿದರೆ ಸದ್ದು ಕಲಬೆರಕೆಯಾಗಿ ರೋಗ ತಿಳಿಯುವುದಿಲ್ಲ. ಉಸಿರಿನ ಮಾತು ಸುಳ್ಳು. ನಿಜವೂ ಇರಬಹುದು, ನಾನು ವಿಜ್ಞಾನ ಓದಿದವಳಲ್ಲ. ಆಮೇಲೆ ಪ್ರಶ್ನೆಗಳು. ಇಪ್ಪತ್ತೆರಡು ಬೇಕಾದವು, ಅಷ್ಟಾದರೆ ಏಳು ನಿಮಿಷ. ಮನೆಯ ಕಿಟಕಿಗಳು ಯಾವ ದಿಕ್ಕಿಗಿವೆ. ಬಾವಿಯ ನೀರೋ ನಲ್ಲಿಯ ನೀರೋ, ಯಾವಾಗಿನಿಂದ. ಕೊನೆಯದಾಗಿ, ಮಗುವಿನ ಅಜ್ಜಿಗೆ ಈಗ ಹಲ್ಲೆಷ್ಟು, ಅವುಗಳಲ್ಲಿ ಅಲ್ಲಾಡುವವು ಎಷ್ಟು. ನಡುವೆ ಹದಿನೇಳನೆಯದಕ್ಕೆ ಏನು ಬರೆಯಬೇಕೆಂದು ಹೊಳೆಯದೆ ಕೂತಿದ್ದಾಗ ಶಶಿರೇಖಳ ಟೇಪು ನೆನಪಾಗಿ, 'ಮಗುವಿನ ಬಟ್ಟೆಯ ಅಳತೆ, ಕೊನೆಯ ಸಲ ತೆಗೆದದ್ದು ಮತ್ತು ಈಗಿನದು' ಎಂದು ಬರೆದೆ. ಸಂಜೆ ಡಬ್ಬಿಗಳ ಜೊತೆ ಕಳಿಸಲು ಮನೆಗೊಂದು ಪ್ರತಿ ತೆಗೆದೆ. ದವಾಖಾನೆಯ ಮೊಹರು ನನ್ನ ಡ್ರಾಯರಿನಲ್ಲೇ ಇರುತ್ತದೆ. ಒತ್ತಿದೆ. ಒತ್ತಿದ ಮೇಲೆ ಕೈ ತೊಳೆದುಕೊಂಡು ಬಂದೆ. ಡಾಕ್ಟರ ಹೆಸರಿನಲ್ಲಿ ಅವರು ಹೇಳದ ಮಾತನ್ನು ಬರೆದದ್ದು ಅದೇ ಮೊದಲು. ಖಾಲಿ ಎಂದರೆ ಆರೋಗ್ಯವೇ ಆಗಿದ್ದರೆ, ಊರಿನ ಅಜ್ಜಿಯರ ಹಲ್ಲೆಣಿಸಿ ಡಾಕ್ಟರ ಮರ್ಯಾದೆ ಕಳೆದವಳು ನಾನಾಗುತ್ತಿದ್ದೆ, ಕೆಲಸವೂ ಉಳಿಯುತ್ತಿರಲಿಲ್ಲ.

ಮರುದಿನ ಖಾದರ್ ಎರಡು ಗಂಟೆ ತಡವಾಗಿ ಬಂದ. ಮುಖ ಊದಿಸಿಕೊಂಡಿದ್ದ. "ಯಾವ ಪುಣ್ಯಾತ್ಮ ಬರೆದಿದ್ದು ಮೇಡಮ್ಮ ಇದನ್ನ? ಬೀದಿ ತುಂಬಾ ಹೆಂಗಸರು ನನ್ ಆಟೋ ಮೇಲೆ ಕಾಗದ ಇಟ್ಕೊಂಡು ಬರೀತಾವ್ರೆ. ಒಬ್ಬಮ್ಮ ಅತ್ತೆ ಬಾಯಿ ತೆಗಿಸಿ ಹಲ್ಲೆಣಿಸ್ತೀನಿ ಅಂತ ಒಳಗೆ ಹೋಗಕ್ಕೆ ಹೊರಟ್ಳು, ಅಂದಾಜಲ್ಲಿ ಬರಿ ತಾಯಿ ಅಂದೆ."

"ಶಶಿರೇಖ?"

"ಆಯಮ್ಮ ಮೊದಮೊದಲು ಸರಸರ ಬರೆದ್ಲು, ಬೈಕೊಂಡೇ. ಹದಿನೇಳಕ್ಕೆ ಬಂದು ಪೆನ್ನು ನಿಲ್ಲಿಸಿಬಿಟ್ಲು. ಎಷ್ಟು ಹೊತ್ತು ಅಂತೀರಿ. ಹಿಂದೆ ಇದ್ದೋರು ಗಲಾಟೆ ಮಾಡಿದ್ರು, ಆಯಮ್ಮಂಗೆ ಕೇಳಿಸ್ಲೇ ಇಲ್ಲ."

ನಮೂನೆಯನ್ನು ತೆಗೆದು ನೋಡಿದೆ. ಹದಿನೇಳರ ಮುಂದೆ, 'ಹೋದ ಯುಗಾದಿಗೆ ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು. ಈಗಿನದು ತೆಗೆದಿಲ್ಲ. ಇಡೀ ಊರಿಗೆ ಮುಖದ ಬಟ್ಟೆ ಹೊಲಿದುಕೊಟ್ಟೆ, ಇವಳದು ತೆಗೆದಿಲ್ಲ' ಎಂದು ಬರೆದಿತ್ತು. ಉಳಿದ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ.

ಡಬ್ಬಿಗಳನ್ನು ಒಳಗಿಟ್ಟೆ. ಡಾಕ್ಟರು ಎಂದಿನಂತೆ ಬಾಗಿಲು ತೆರೆದಿಟ್ಟುಕೊಂಡು ಮೊದಲನೆಯದನ್ನು ಎತ್ತಿದರು. ಒಡೆದ ಗಂಟಲಿನ ಹುಡುಗನ ದನಿ ಹೊರಗಿನವರೆಗೂ ಕೇಳಿಸಿತು. "ಡಾಕ್ಟ್ರೇ, ಅಮ್ಮ ಗೇಟ್ ಹತ್ರ ಇದ್ದಾಳೆ. ಬೇಗ ಹೇಳ್ತೀನಿ..." ಅಷ್ಟರಲ್ಲಿ ಡಾಕ್ಟರು ಅಂಗೈಯಿಂದ ಡಬ್ಬಿಯ ಬಾಯಿ ಮುಚ್ಚಿಕೊಂಡು ಎದ್ದು ಬಂದು ನನ್ನ ಮುಖ ನೋಡಿದರು. ನಾನು ಮೇಜು ನೋಡಿದೆ. ಅವರು ಕಿವಿಯ ಹತ್ತಿ ತೆಗೆದು ನನ್ನ ಮೇಜಿನ ಮೇಲಿಟ್ಟು, ಒಳಗೆ ಹೋಗಿ ಬಾಗಿಲು ಬಿಟ್ಟರು. ನಾಲ್ಕು ತಿಂಗಳ ಮೇಲೆ ಸ್ಪ್ರಿಂಗ್ ಎಳೆದ ಸದ್ದಾಗಿ ಬಾಗಿಲು ಮುಚ್ಚಿಕೊಂಡಿತು.

ಆ ದಿನ ಹನ್ನೆರಡು ದಾಟಿದವರ ಡಬ್ಬಿ ಮೂವತ್ತೊಂದಿದ್ದವು. ನಡುನಡುವೆ ಬಾಗಿಲು ತೆರೆದು ಅವರು ಚೀಟಿ ಕೊಟ್ಟು ಹೋಗುತ್ತಿದ್ದರು. ಒಂದರಲ್ಲಿ ಔಷಧಿಯ ಹೆಸರಿಲ್ಲ, 'ನಾಳೆಯೂ ಡಬ್ಬಿ ಕಳಿಸು' ಎಂದಷ್ಟೇ. ಇನ್ನೊಂದರಲ್ಲಿ ಒಬ್ಬ ಅಪ್ಪನನ್ನು ಬರಹೇಳಿ ಎಂದಿತ್ತು. ನಾಲ್ಕು ಡಬ್ಬಿಗಳಿಗೆ ಮಾತ್ರ 'ಖಾಲಿ' ಎಂದು ಬರೆಸಿದರು. ಅವುಗಳ ಪಕ್ಕದಲ್ಲೂ ಒಂದು ಗೆರೆ ಎಳೆಯಿರಿ, ಮುಂದಿನ ವಾರ ಮತ್ತೆ ಕೇಳೋಣ ಎಂದರು.

ಸಿಂಚನಾಳ ಡಬ್ಬಿ ಹತ್ತೊಂಬತ್ತನೆಯದು. ಅದು ಒಳಗೆ ಹೋದ ಮೇಲೆ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಖಾದರ್ ಬಂದು ಹೋಗಿ ಬಂದು ಹೋಗಿ ಮಾಡಿದ. ನಾನು ಬೇರೆ ಡಬ್ಬಿಗಳಿಗೆ ಮಾತ್ರೆ ಹಾಕುವುದನ್ನು ನಿಲ್ಲಿಸಿಬಿಟ್ಟೆ. ಎರಡು ಸಲ ಎಣಿಕೆ ತಪ್ಪಿತ್ತು.

ಡಾಕ್ಟರು ಹೊರಗೆ ಬಂದರು. ಡಬ್ಬಿ ಕೈಯಲ್ಲೇ ಇತ್ತು. "ಸಕ್ಕರೆ ಹಾಕೋರು ನೀವಲ್ವಾ?"

"ಹೌದು ಡಾಕ್ಟ್ರೇ. ನೋಡ್ದೆ ಹಾಕಿದೀನಿ. ತಪ್ಪಾಯ್ತು."

"ಸಕ್ಕರೆ ವಿಷಯಾನೂ ಹೇಳಿದಾಳೆ. ವಾರಾವಾರ ಬರೋದನ್ನ ನೋಡಿ, ಯಾರೋ ಕೇಳ್ತಿದ್ದಾರೆ ಅಂದ್ಕೊಂಡಳಂತೆ. ತಿನ್ನಕ್ಕಾಗಲ್ಲ, ಬಿಸಾಡಕ್ಕೂ ಮನಸ್ಸಾಗಲ್ಲ, ಅದಕ್ಕೇ ಹಾಗೇ ಇಟ್ಟೆ ಅಂದಳು." ಉಳಿದದ್ದನ್ನು ಅವರು ಹೇಳಲಿಲ್ಲ. ನಾನು ಕೇಳುವ ಕ್ರಮವಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ನಮೂನೆಯನ್ನು ಎತ್ತಿಕೊಂಡು ಮೇಲಿಂದ ಕೆಳಗೆ ಓದಿದರು. ಅಜ್ಜಿಯ ಹಲ್ಲಿನ ಹತ್ತಿರ ಒಂದು ಕ್ಷಣ ನಿಂತರು. "ನಾನು ಬರೆದ ಹಾಗಿಲ್ಲ ಇದು."

"ಇಲ್ಲ ಡಾಕ್ಟ್ರೇ."

"ನಾನೇ ಬರೀಬೇಕಾಗಿತ್ತು" ಎಂದರು. "ಹೊಸ್ತಿಲ ಚೀಟಿ ಒಂದು ಬರೀರಿ. ಸಿಂಚನಾ, ಹದಿನೈದು ವರ್ಷ. ಇವತ್ತೇ ಬರಲಿ."

ನಾನು ನಿಬ್ಬು ಒರೆಸಲು ಬಟ್ಟೆ ತೆಗೆದುಕೊಂಡೆ.

"ಇದನ್ನ ಬೇಗ ಬರೀರಿ" ಎಂದರು.

ಬರೆದೆ. ಮೊಹರು ಒತ್ತಿದೆ. ಬೆಳಕಿಗೆ ಹಿಡಿಯಲಿಲ್ಲ, ಶಾಯಿ ಆರುವವರೆಗೆ ಕಾಯಲಿಲ್ಲ, ಖಾದರನ ಕೈಗೆ ಕೊಟ್ಟುಬಿಟ್ಟೆ. ಆಟೋ ತಿರುವು ದಾಟಿದ ಮೇಲೆ ತಾರೀಖು ಹಾಕಿಲ್ಲ ಎಂದು ಜ್ಞಾಪಕ ಬಂತು. ತಾರೀಖಿಲ್ಲದ ಚೀಟಿ ನಡೆಯುವುದಿಲ್ಲ ಎಂದು ಪುರಸಭೆಯವರು ತಡೆದರೆ ಏನು ಮಾಡುವುದು ಎಂದು, ಇನ್ನೊಂದು ಚೀಟಿ ತಾರೀಖು ಸಮೇತ ಬರೆದಿಟ್ಟುಕೊಂಡು ಬಾಗಿಲಲ್ಲಿ ನಿಂತೆ. ಮುಕ್ಕಾಲು ಗಂಟೆ ನಿಂತೆ. ಯಾರೂ ತಡೆಯಲಿಲ್ಲವಂತೆ. ಶಾಯಿ ಹರಡಿ ಚೀಟಿಯ ಅರ್ಧ ಮಾಸಿಹೋಗಿತ್ತು, ಮೊಹರು ಮಾತ್ರ ಕಂಡಿತು, ಬಿಟ್ಟರು ಎಂದ ಖಾದರ್.

ಆಟೋದಿಂದ ಮೊದಲು ಶಶಿರೇಖ ಇಳಿದಳು. ಆಮೇಲೆ ಇಳಿದವಳನ್ನು ನಾನು ಕೂಡಲೇ ಗುರುತು ಹಿಡಿಯಲಿಲ್ಲ. ನಾಲ್ಕು ಬೆರಳು ಉದ್ದವಾಗಿದ್ದಳು. ಕೈಬಳೆ ಮೊಣಕೈ ತನಕ ಹೋಗಿ ಬರುತ್ತಿತ್ತು, ಚೂಡಿದಾರದ ಹೆಗಲು ತೋಳಿಗೆ ಜಾರಿತ್ತು. ಮೆಟ್ಟಿಲು ಮೂರೇ, ಎರಡನೆಯದರ ಮೇಲೆ ನಿಂತು ಉಸಿರು ತೆಗೆದುಕೊಂಡಳು. ನನ್ನ ಮೇಜಿನ ಹತ್ತಿರ ಬಂದಾಗ ಗ್ಲೂಕೋಸ್ ಡಬ್ಬಿಯ ಕಡೆ ನೋಡಿ ಬೇರೆ ಕಡೆ ತಿರುಗಿದಳು. ನಾನು ಡಬ್ಬಿಯನ್ನು ಸರಿಸಲೂ ಇಲ್ಲ, ಮುಂದೆ ನೂಕಲೂ ಇಲ್ಲ. ಯಾವುದು ಸರಿಯೆಂದು ಈಗಲೂ ಗೊತ್ತಿಲ್ಲ.

"ಅಕ್ಕ, ಅಜ್ಜಿಗೆ ಹಲ್ಲೇ ಇಲ್ಲ" ಎಂದಳು ಸಿಂಚನಾ. "ಅಮ್ಮ ಬರೆದಿಲ್ಲ ಅಂದ್ರು."

"ಬರ್ಕೋತೀನಿ" ಎಂದೆ.

ತಾಯಿ ಮಗಳು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರ ದನಿ ಕೇಳಿಸಿತು. "ಅಮ್ಮಾ, ಹೊರಗೆ ಒಂದು ತೂಕದ ಚೀಟಿ ಮಾಡಿಸ್ಕೊಂಡು ಬನ್ನಿ." ಬಾಗಿಲು ತೆರೆದು ಶಶಿರೇಖ ಬಂದಳು, ಅವಳ ಬೆನ್ನ ಹಿಂದೆ ಅದು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲನ್ನೇ ನೋಡಿದಳು. ಅದರ ಸ್ಪ್ರಿಂಗ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಇಷ್ಟು ವರ್ಷ ನನ್ನ ಮೇಜಿನ ಮುಂದೆ ಬೆರಳು ಕುಟ್ಟುತ್ತಿದ್ದವಳು ಈಗ ಸ್ಟೂಲು ಎಳೆದುಕೊಂಡು ಕೂತಳು. ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಈ ಸಲ ಉತ್ತರ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

"ಚೀಟಿ ಅಕ್ಕ" ಎಂದಳು ಮೆಲ್ಲಗೆ, ಬಾಗಿಲಿನ ಆಚೆಗೆ ಕೇಳಿಸದ ಹಾಗೆ. "ನಂಗೆ ಅಂಗಡಿ ಅವಸರ ಏನಿಲ್ಲ. ನಿಧಾನವಾಗೇ ಬರೀರಿ."

ನಾನು ನಿಬ್ಬು ಒರೆಸಿದೆ. ಮಗಳ ಹೆಸರು ಏನೆಂದು ಕೇಳಿದೆ. ಹೇಳಿದಳು.

"ಇನ್ನೊಂದು ಸಲ ಹೇಳಿ" ಎಂದೆ.